ನಲವತ್ತು ಲೀಟರ್ ಸಮುದ್ರ

5 ಅಕ್ಟೋಬರ್, ಭಾನುವಾರ. ಬೆಳಿಗ್ಗೆ 7

ಉಪ್ಪು ಮತ್ತೆ ಜಾಸ್ತಿ. 1.028. ಬೇಕಾದ್ದು 1.025. ಇನ್ನೊಂದು ಮಗ್ಗು ಆರ್‌ಓ ನೀರು ಸುರಿದೆ, ಕಲಕಿದೆ, ಕಾದೆ. ಮತ್ತೆ ಒಂದು ಹನಿ ಉಪ್ಪು ಅಳೆಯುವ ಮೀಟರಿಗೆ ಹಾಕಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ... ಬಂತು! ಬಾತ್‌ರೂಮಿನಲ್ಲಿ ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಭಾಂಡುಪಿನ ನಾಲ್ಕನೇ ಮಹಡಿಯಲ್ಲಿ ಸಮುದ್ರ ಕಲಸಿದ್ದೇನೆ.

ಸಂತು ಬಾಗಿಲು ಬಡಿಯುತ್ತಿದ್ದ. ನನ್ನ ಗಂಡನಿಗೆ ಭಾನುವಾರವೂ ಸ್ನಾನದ ಅವಸರ. ಕಾಯಲಿ.

ನಿನ್ನೆ ಅತ್ತೆಯ ತೀರ್ಪೂ ಬಂತು. ಕೆಳಗಿನವರು ಬೊಂಬಿಲ್ ಮೀನು ಹುರಿದರೆ ಕಿಟಕಿ ಮುಚ್ಚುವ ಲಿಂಗಾಯತ ಮನೆ ಇದು. ಇಲ್ಲಿಗೆ ಮೀನು ತರುತ್ತೇನೆ ಅಂದಿದ್ದೇನೆ, ಅದೂ ಉಪ್ಪುನೀರಿನದು. ಎರಡು ದಿನ ಮಾತಿಲ್ಲ. ಮೂರನೇ ದಿನ ಮೆಂತ್ಯೆ ಸೋಸುತ್ತ, ನನ್ನ ಮುಖ ನೋಡದೆ ಹೇಳಿದರು: "ತರಬ್ಯಾಡ ಅನ್ನೂದಿಲ್ಲ. ಆದರ ಈ ಮನ್ಯಾಗ ಒಂದು ಜೀವ ಸಾಯಬಾರದು. ಒಂದಽ ಒಂದು ಸತ್ತರೂ ಅವತ್ತಽ ಆ ಪೆಟಗಿ ಹೊರಗ."

ಹೂಂ ಅಂದೆ. ಬೇರೆ ಏನು ಅನ್ನಲಿ? ಈ ಮನೆಗೆ ಬಂದು ಹನ್ನೆರಡು ವರ್ಷ. ಅಡುಗೆಮನೆ ಅತ್ತೆಯದು, ಟಿವಿ ಸಂತುವಿನದು, ಬಾಲ್ಕನಿ ಒಣಗುವ ಬಟ್ಟೆಯದು. ನನ್ನದು ಅಂತ ಒಂದು ಮೂಲೆ ಬೇಕಾಗಿತ್ತು. ಸಿಕ್ಕಿದೆ. ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕು. ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

11 ಅಕ್ಟೋಬರ್, ಶನಿವಾರ. ಸಂಜೆ

ಕಲ್ಲು ಬಂತು!

ಕುರ್ಲಾದಲ್ಲಿ ಚೆನ್ನಯನ ಅಕ್ವೇರಿಯಂ ಅಂಗಡಿ. ಕಾರ್ಕಳದ ಕಡೆಯವರು. ನನ್ನ ಕನ್ನಡ ಕೇಳಿ ನಕ್ಕರು, ಅವರ ಕನ್ನಡ ಕೇಳಿ ನಾನೂ ನಕ್ಕೆ. ಮೀನಿನ ತೊಟ್ಟಿಗಳ ಕಡೆ ನೋಡಲು ಬಿಡಲೇ ಇಲ್ಲ. "ಮೊದಲು ನೀರು ಸಾಕ್ಲಿಕ್ಕೆ ಕಲೀರಿ ಮಾರಾಯ್ರೆ. ಮೀನು ಆಮೇಲೆ." ಅಂದು, ತೂತು ತೂತಿನ ನೇರಳೆ ಕಲೆಗಳ ಕಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ಲೈವ್ ರಾಕ್. ಅದರ ತೂತುಗಳಲ್ಲಿರುವ ಕಣ್ಣಿಗೆ ಕಾಣದ ಜೀವಿಗಳೇ ನೀರಿನ ಕೊಳೆ ತಿಂದು ಚೊಕ್ಕ ಮಾಡುವುದಂತೆ. ಅವು ಬೆಳೆಯಲು ತಿಂಗಳು ಬೇಕು.

ಬಕೆಟ್ ತೊಡೆಯ ಮೇಲಿಟ್ಟುಕೊಂಡು ಲೇಡೀಸ್ ಡಬ್ಬಿಯಲ್ಲಿ ಕೂತೆ. ಘಾಟ್‌ಕೋಪರಿನಲ್ಲಿ ಹತ್ತಿದ ಒಬ್ಬಳು ಮೂಗು ಮುಚ್ಚಿ ಯಾವ ಮೀನು ಅಂತ ಮರಾಠಿಯಲ್ಲಿ ಕೇಳಿದಳು. ಕಲ್ಲು ಅಂದೆ. ನನ್ನನ್ನೇ ನೋಡಿ, ಜಾಗ ಬದಲಿಸಿದಳು. ನನ್ನ ಆಫೀಸಿರುವ ವಿಕ್ರೋಳಿ ಬಂದಾಗ ಆಫೀಸಿನವರು ಯಾರಾದರೂ ಕಂಡಾರು ಅಂತ ಬಕೆಟ್ಟಿಗೆ ದುಪಟ್ಟಾ ಮುಚ್ಚಿದೆ.

ಮನೆಗೆ ತಂದು ಟ್ಯಾಂಕಿಗೆ ಇಳಿಸಿದ ಅರ್ಧ ಗಂಟೆಗೆ ಕಲ್ಲಿನ ಒಂದು ತೂತಿನಿಂದ ದಾರದಂಥ ಕಾಲು ಹೊರಗೆ ಬಂತು. ಆಮೇಲೆ ಇನ್ನೊಂದು. ಅಕ್ಕಿಕಾಳಿನಷ್ಟು ನಕ್ಷತ್ರಮೀನು. ಯಾರೂ ದುಡ್ಡು ತಗೊಂಡಿಲ್ಲ, ಯಾರೂ ಕೊಟ್ಟಿಲ್ಲ, ತಾನೇ ಬಂದಿದೆ! ಕೂಗಿದ ಕೂಗಿಗೆ ಸಂತು ಮೊಬೈಲ್ ಬಿಟ್ಟು ಓಡಿ ಬಂದ. ಅತ್ತೆ ಬರಲಿಲ್ಲ.

23 ಅಕ್ಟೋಬರ್, ಗುರುವಾರ

ದೀಪಾವಳಿಗೆ ಬಂದವರೆಲ್ಲ ಟ್ಯಾಂಕಿನ ಮುಂದೆ ಬಗ್ಗಿ ಮೀನು ಹುಡುಕಿದರು. ಇಲ್ಲ ಅಂದೆ. ಮತ್ತೆ ಏನಿದೆ ಅಂದರು. ಅಮೋನಿಯಾ ಇದೆ ಅಂದೆ. ಚಕ್ಕುಲಿ ಎತ್ತಿಕೊಂಡು ಹೋದರು.

"ಖಾಲಿ ನೀರಿಗೆ ಲೈಟ್ ಬ್ಯಾರೆ, ಫ್ಯಾನ್ ಬ್ಯಾರೆ. ನನ್ನ ತಲಿ ಮ್ಯಾಲಿನ ಫ್ಯಾನ್ ಆರಿಸ್ತಾರ" — ಅತ್ತೆ ನೆಂಟರಿಗೆ ಹೇಳಿದ್ದು, ನನಗೆ ಕೇಳಲಿ ಅಂತಲೇ.

ಫ್ಯಾನ್ ಬೇಕೇ ಬೇಕು, ಇಲ್ಲದಿದ್ದರೆ ಈ ಸೆಖೆಗೆ ನೀರು ಕಾದುಹೋಗುತ್ತದೆ. ಫ್ಯಾನ್ ಇದ್ದರೆ ನೀರು ಆವಿಯಾಗಿ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಗಾಜಿನ ಮೇಲೆ ಎಳೆದ ಗೆರೆಯ ತನಕ ಸಾದಾ ಚೊಕ್ಕ ನೀರು ಹಾಕಬೇಕು, ಉಪ್ಪಿನದಲ್ಲ. ಇಷ್ಟನ್ನು ಸಂತುವಿಗೆ ತಿಳಿಸಲು ಒಂದು ಸಂಜೆ ಹೋಯಿತು. ಅತ್ತೆ ಪಕ್ಕದಲ್ಲೇ ಬತ್ತಿ ಹೊಸೆಯುತ್ತ ಕೂತಿದ್ದರು.

9 ನವೆಂಬರ್, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ಸೊನ್ನೆ. ಅಮೋನಿಯಾ ಸೊನ್ನೆ! ಕೊಳೆ ತಿನ್ನುವ ಜೀವಿಗಳು ಬೆಳೆದಿವೆ, ನೀರು ಸಿದ್ಧ. ಟೆಸ್ಟ್ ಟ್ಯೂಬ್ ಹಿಡಿದು ಮನೆಯೆಲ್ಲ ಓಡಾಡಿದೆ. ಮಧ್ಯಾಹ್ನವೇ ಕುರ್ಲಾ. ಮೂರು ಶಂಖದ ಹುಳು, ಒಂದು ಸಿಗಡಿ. ಸಿಗಡಿಯ ಬೆನ್ನಿಗೆ ಕೆಂಪು ಪಟ್ಟೆ, ನಡುವೆ ಬಿಳಿ ಗೆರೆ, ಮೈಗಿಂತ ಉದ್ದ ಬಿಳಿ ಮೀಸೆ. ಏನು ಗತ್ತು ಅದರದು.

ಸಿಗಡಿ ಅಂತ ಬಾಯಿ ಬಿಡಬಾರದು, "ಕೆಂಪಿ" ಅನ್ನಬೇಕು ಅಂತ ಸಂತುವಿಗೆ ತಾಕೀತು ಮಾಡಿದ್ದೆ. ಮಹಾರಾಯ ಒಳಗೆ ಬಂದವನೇ "ಅವ್ವಾ, ಸಿಗಡಿ ನೋಡು ಬಾ" ಅಂದ. ಕೊಲ್ಲಬೇಕು ಅನ್ನಿಸಿತು.

ಅತ್ತೆ ದೂರದಿಂದಲೇ ನೋಡಿದರು. ಸಿಗಡಿ ಕಡೆ ಮುಖ ಸಿಂಡರಿಸಿದರು. ಆದರೆ ಒಂದು ಹುಳು ಗಾಜು ಏರುತ್ತ ಪಾಚಿ ನೆಕ್ಕುತ್ತಿತ್ತು. ಹೋದ ದಾರಿಯಷ್ಟೂ ಗಾಜು ಚೊಕ್ಕ. ಅದನ್ನು ಬಹಳ ಹೊತ್ತು ನೋಡಿದರು. "ಈ ಮನ್ಯಾಗ ಹೇಳಿಸಿಕೊಳ್ಳದ ಕೆಲಸ ಮಾಡೂದು ಇದೊಂದಽ" ಅಂದರು. ಅಂದದ್ದು ಯಾರಿಗೋ, ನಾನು ಕೇಳಿಸಿಕೊಳ್ಳಲಿಲ್ಲ.

19 ನವೆಂಬರ್, ಬುಧವಾರ

ಆಫೀಸಿನಲ್ಲಿ ಮೀಟಿಂಗ್ ನಡುವೆ ಅತ್ತೆಯ ಫೋನ್. ಅವರು ಎಂದೂ ಮಾಡುವವರಲ್ಲ. ಕೆಂಪಿ ಸತ್ತು ಬಿದ್ದಿದೆ, ಬಂದು ಪೆಟಗಿ ತೆಗಿ, ಅಷ್ಟೇ. ಇಟ್ಟುಬಿಟ್ಟರು.

ಹೊಟ್ಟೆನೋವು ಅಂತ ಹೇಳಿ ಹೊರಟೆ. ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಅತ್ತುಬಿಟ್ಟೆ, ಸುಳ್ಳು ಯಾಕೆ. ಬಂದು ನೋಡಿದರೆ ಹೌದು, ಮರಳ ಮೇಲೆ ಮೀಸೆ ಸಮೇತ ಬಿದ್ದಿದೆ. ಮುಟ್ಟಿದೆ. ಟೊಳ್ಳು. ಒಳಗೆ ಏನೂ ಇಲ್ಲ! ಕಲ್ಲಿನ ಹಿಂದಿನಿಂದ ಇಣುಕಿತು ಇನ್ನೊಂದು ಕೆಂಪಿ, ಹೊಚ್ಚ ಹೊಸದು, ಇನ್ನೂ ಕೆಂಪು.

ಪೊರೆ ಬಿಟ್ಟಿದೆ ಅಂತ ಅತ್ತೆಗೆ ತೋರಿಸಿದೆ. ಚಾಳೀಸು ತಂದು ಕಣ್ಣಿಗೇರಿಸಿದರು. ಸ್ಟೂಲು ಎಳೆದುಕೊಂಡರು. ಧಾರಾವಾಹಿ ಶುರುವಾಗಿ ಮುಗಿಯಿತು, ಎದ್ದು ಹೋಗಲಿಲ್ಲ. ಆ ಸ್ಟೂಲು ಈಗಲೂ ಟ್ಯಾಂಕಿನ ಮುಂದೆಯೇ ಇದೆ. ಯಾರೂ ತೆಗೆದಿಲ್ಲ.

30 ನವೆಂಬರ್, ಭಾನುವಾರ

ಎರಡು ಕ್ಲೌನ್ ಮೀನು!! ಕೇಸರಿ, ಮೇಲೆ ಬಿಳಿ ಪಟ್ಟಿ. ಹೆಬ್ಬೆಟ್ಟಿನಷ್ಟಿವೆ, ಬಾಲ ಅಲ್ಲಾಡಿಸುವುದು ಮಾತ್ರ ಮದುವೆ ಮನೆಯ ಹುಡುಗರ ಹಾಗೆ. ಜೊತೆಗೆ ಮೊದಲ ಹವಳ. ಅಂಗಿ ಗುಂಡಿಯಷ್ಟಗಲದ ಹಸಿರು ಹೂಗಳು, ಒಂದು ಗೊಂಚಲು. ಹೂವಲ್ಲ, ಪ್ರಾಣಿ. ಲೈಟ್ ಹಾಕಿದರೆ ಅರಳುತ್ತವೆ, ಆರಿಸಿದರೆ ಮುಚ್ಚುತ್ತವೆ.

ಇವತ್ತು ಇದಕ್ಕಿಂತ ಬರೆಯಲಾರೆ. ನೋಡಬೇಕು.

5 ಡಿಸೆಂಬರ್, ಶುಕ್ರವಾರ

ಪುಣೆಯಲ್ಲಿ ಒಂದು ವಾರ ಟ್ರೈನಿಂಗ್. ಈಗಲೇ ಬರಬೇಕಿತ್ತಾ? ನೀರು ಹಾಕುವ ಕೆಲಸ ಸಂತುವಿಗೆ. ಅವನ ತಾಯಿಯ ಎದುರಿಗೇ ಮೂರು ಸಲ ಹೇಳಿದ್ದೇನೆ. ಫೋನಿಗೆ ಅಲಾರಾಂ ಇಟ್ಟುಕೊಟ್ಟಿದ್ದೇನೆ.

14 ಡಿಸೆಂಬರ್, ಭಾನುವಾರ

ನಿನ್ನೆ ಬಂದೆ. ಚಪ್ಪಲಿ ಬಿಡದೆ ಟ್ಯಾಂಕಿಗೆ ಓಡಿದೆ. ನೀರು ಸರಿಯಾಗಿ ಗೆರೆಯ ಮೇಲೆ! ಸಂತುವನ್ನು ಹೊಗಳಿದೆ. ಒಂಥರಾ ನಕ್ಕ. ಇವತ್ತು ಬೆಳಿಗ್ಗೆ ಮಗ್ಗು ಹಿಡಿದು ಹೋದರೆ ನೀರು ಇಳಿದೇ ಇಲ್ಲ. ಚಳಿ ಬಂತಲ್ಲ, ಆರುವುದು ಕಡಿಮೆ ಆಗಿರಬೇಕು.

ಹವಳ ಸ್ವಲ್ಪ ಬಾಡಿದ ಹಾಗಿದೆ. ನನ್ನನ್ನು ಕಾಣದೆ ಬೇಜಾರು ಮಾಡಿಕೊಂಡಿರಬೇಕು, ಹುಚ್ಚು ನನಗೆ.

17 ಡಿಸೆಂಬರ್, ಬುಧವಾರ

ಬೇಜಾರಲ್ಲ. ಹವಳ ಪೂರ್ತಿ ಮುಚ್ಚಿದೆ. ಕೆಂಪಿ ಕಲ್ಲಿನ ಸಂದಿಯಿಂದ ಹೊರಗೇ ಬರುವುದಿಲ್ಲ. ಒಂದು ಹುಳು ಗಾಜಿನಿಂದ ಕಳಚಿ ಮರಳ ಮೇಲೆ ಬಿದ್ದಿದೆ, ಮೆಲ್ಲಗೆ ಮುದುಡುತ್ತದೆ. ಅತ್ತೆಯ ಹುಳು ಅದೇ. ಗೊತ್ತಾಗದಿರಲಿ ಅಂತ ಎತ್ತಿ ಗಾಜಿಗೆ ಅಂಟಿಸಿದೆ. ಮತ್ತೆ ಬಿತ್ತು.

ಮೀನು ಮಾತ್ರ ಕುಣಿಯುತ್ತಿವೆ. ಅಮೋನಿಯಾ ಸೊನ್ನೆ. ಉಪ್ಪು ಸರಿ. ಎಲ್ಲ ಸರಿ ಇದ್ದು ಯಾಕೆ ಹೀಗೆ?

18 ಡಿಸೆಂಬರ್, ಗುರುವಾರ

ಚೆನ್ನಯನಿಗೆ ಫೋನ್. ಮೀನು ಹುಷಾರು, ಮಿಕ್ಕದ್ದಕ್ಕೆಲ್ಲ ಕಾಯಿಲೆ ಅಂದೆ. ಅವರು ಹೇಳಿದರು: "ನೀರಿಗೆ ತಾಮ್ರ ಹೋಗಿರ್ಬೇಕು ಮೇಡಂ. ಮೀನು ತಡ್ಕೊಳ್ತದೆ. ಸಿಗಡಿ, ಹುಳ, ಹವಳಕ್ಕೆ ಅದು ವಿಷ. ನಾಣ್ಯ, ವಯರು, ಎಂತಾದ್ರೂ ಬಿದ್ದುಂಟಾ ನೋಡಿ."

ಮರಳೆಲ್ಲ ಜಾಲಾಡಿದೆ. ಪಂಪ್ ಬಿಚ್ಚಿದೆ. ಲೈಟಿನ ತಂತಿ ನೋಡಿದೆ. ಏನೂ ಇಲ್ಲ. ಅರ್ಧ ನೀರು ತೆಗೆದು ಹೊಸದು ಹಾಕಿದೆ. ಚೆನ್ನಯ ಕೊಟ್ಟುಕಳಿಸಿದ ಇದ್ದಿಲ ಚೀಲ ಇಳಿಬಿಟ್ಟೆ, ಅದು ತಾಮ್ರ ಹೀರುತ್ತದಂತೆ. ಸೊಂಟ ಬಿದ್ದುಹೋಯಿತು. ಬದುಕಿರೋ ದೇವರುಗಳಾ.

20 ಡಿಸೆಂಬರ್, ಶನಿವಾರ. ಸಂಜೆ

ಹುಳು ಸತ್ತಿತು. ಮೂಸಿ ನೋಡಿದೆ, ಅನುಮಾನವಿಲ್ಲ.

ಮುಚ್ಚಿಡಬಹುದಿತ್ತು. ಹೊಸದೊಂದು ತಂದು ಗಾಜಿಗೆ ಅಂಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸ್ಟೂಲಿನ ಮೇಲೆ ಕೂತು ಅತ್ತೆ ಹುಡುಕುತ್ತಿದ್ದರು, ಎಲ್ಲಿ ಹೋತು, ಎಲ್ಲಿ ಹೋತು ಅಂತ. ತಡೆಯಲಾಗಲಿಲ್ಲ. ಸತ್ತಿತು ಅತ್ತಿ, ನನ್ನದೇ ತಪ್ಪು, ಏನೋ ಹಾಕಬಾರದ್ದು ಹಾಕಿದ್ದೇನೆ ಅಂದೆ. ನಾಳೆ ಚೆನ್ನಯನಿಗೆ ಎಲ್ಲ ವಾಪಸ್ ಕೊಡುತ್ತೇನೆ, ಮಾತು ಮಾತೇ ಅಂತಲೂ ಅಂದೆ.

ಅತ್ತೆ ಕೈಚಾಚಿದರು. ಚಿಪ್ಪು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದರು.

"ದುಡದು ದುಡದು ಸತ್ತೈತಿ ಇದು. ವಯಸ್ಸಾಗಿತ್ತು ಅದಕ. ಇದನ್ನ ಸತ್ತದ್ದು ಅನ್ನೂದಿಲ್ಲ. ಪೆಟಗಿ ಎಲ್ಲಿಗೂ ಹೋಗೂದಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ತಬ್ಬಿಕೊಂಡುಬಿಟ್ಟೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಇಬ್ಬರಿಗೂ ಮುಜುಗರವಾಗಿ, ಅವರು ಕುಕ್ಕರ್ ನೋಡಲು ಹೋದರು, ನಾನು ಮೀನಿಗೆ ಕಾಳು ಹಾಕಿದೆ. ತುಳಸಿ ಕುಂಡದಲ್ಲಿ ಹುಳುವನ್ನು ಹೂತದ್ದು ಅತ್ತೆಯೇ.

21 ಡಿಸೆಂಬರ್, ಭಾನುವಾರ. ಬೆಳಿಗ್ಗೆ

ಖುಷಿಗೆ ನಿದ್ದೆ ಬರಲಿಲ್ಲ. ಲೈಟ್ ಹಾಕಿ ಕಾದೆ. ಹವಳದ ಒಂದು ಗುಂಡಿ ಅರಳಿತು! ಒಂದೇ, ಅದೂ ಅರ್ಧ. ಆಮೇಲೆ ಸಂದಿಯಿಂದ ಒಂದು ಬಿಳಿ ಮೀಸೆ. ಕೆಂಪಿ! ಬದುಕಿದೆ. ಹೊಸ ನೀರು ಹಿಡಿಸಿದೆ. ಅತ್ತೀ ಬರ್‍ರಿ ಅಂತ ಕೂಗಿದೆ.

ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಕೆಂಪಿಯನ್ನು ನೋಡಿ ಮುಖ ಅರಳಿತು. ಆಮೇಲೆ ನನ್ನ ಪಕ್ಕ ಕೂತು, ಸಣ್ಣ ದನಿಯಲ್ಲಿ:

"ಒಂದು ಮಾತು ಹೇಳಿರಲಿಲ್ಲ ನಿನಗ. ನೀ ಪುಣೆಕ ಹ್ವಾದಾಗ ಸಂತು ಮೊದಲನೇ ದಿನಾನಽ ಮರತ. ಅವತ್ತಿಂದ ನೀರು ನಾನಽ ಹಾಕಾಕತ್ತೀನಿ. ನೀ ಏಳೂದರೊಳಗ. ನಳದ ನೀರಲ್ಲ ಮತ್ತ. ರಾತ್ರಿ ತಾಮ್ರದ ತಂಬಿಗ್ಯಾಗ ತುಂಬಿ ಇಟ್ಟದ್ದು, ಲಿಂಗಪೂಜಿಗೆ ತಗೊಳ್ಳೂ ನೀರು. ಮನ್ಯಾಗ ಅದಕಿಂತ ಚೊಕ್ಕ ನೀರು ಯಾವುದೈತಿ? ಎರಡು ದಿನ ನೀ ನಸುಕಿನ್ಯಾಗಽ ಎದ್ದಿ, ಹಾಕಾಕ ಆಗಲಿಲ್ಲ. ಪಾಪ, ಸೊರಗ್ಯಾವ. ಪೂಜಿ ಮುಗಿಸಿ ಇವತ್ತ ಎರಡು ತಂಬಿಗಿ ಹಾಕ್ತೀನಿ."

ಪೂಜೆಗೆ ಹೋದರು. ನಾನು ಇಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಪಟ್ಟ.

ತಾಮ್ರ. ದಿನಾ ಬೆಳಿಗ್ಗೆ. ಇದ್ದುದರಲ್ಲೇ ಒಳ್ಳೆಯದನ್ನು ಕೊಟ್ಟಿದ್ದಾರೆ. ಕೋಪ ಬರಬೇಕಿತ್ತು, ಬರುತ್ತಿಲ್ಲ. ಎದೆ ತುಂಬಿದೆ, ಹೆದರಿಕೆಯೂ ಆಗುತ್ತಿದೆ. ಹೇಳದೆ ಇರುವ ಹಾಗಿಲ್ಲ, ಒಂದು ತಂಬಿಗೆ ಹೋದರೂ ಕೆಂಪಿ ಉಳಿಯುವುದಿಲ್ಲ. ಹೇಳಿದರೆ — ನಿನ್ನೆ ಅಂಗೈಯಲ್ಲಿ ಒರೆಸಿದ ಆ ಚಿಪ್ಪಿನ ಹುಳು ತಮ್ಮ ನೀರಿನಿಂದಲೇ ಸತ್ತದ್ದು ಅಂತ ತಿಳಿದುಹೋಗುತ್ತದೆ. ನನ್ನನ್ನು ಒಂದು ಮಾತಿನಲ್ಲಿ ಕ್ಷಮಿಸಿಬಿಟ್ಟರು. ತಮ್ಮನ್ನು ಹಾಗೆ ಕ್ಷಮಿಸಿಕೊಳ್ಳುತ್ತಾರಾ?

ಪ್ಲಾಸ್ಟಿಕ್ ಜಗ್ಗಿನಲ್ಲಿ ಆರ್‌ಓ ನೀರು ತುಂಬಿ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನಿಜ ಹೇಳಬೇಕು, ಅದೇ ಉಸಿರಿಗೆ ಜಗ್ಗನ್ನು ಕೈಗೆ ಕೊಡಬೇಕು. ನಾಳೆಯೂ ನೀರು ಅವರೇ ಹಾಕಬೇಕು. ನಾಡಿದ್ದೂ. ನನ್ನ ಮೂಲೆ ಅಂದುಕೊಂಡಿದ್ದೆ, ಇರಲಿ, ಇಬ್ಬರದೂ ಆಗಲಿ. ಮೊದಲು ಜಗ್ಗು ಕೊಡಲಾ, ಮೊದಲು ಹೇಳಲಾ?

ಗಂಟೆಯ ಸದ್ದು ನಿಂತಿತು. ತಂಬಿಗೆ ಎತ್ತಿದರು. ಬಂದರು, ನಗುತ್ತಿದ್ದಾರೆ. ಅತ್ತೀ, ಒಂದು ನಿಮಿಷ, ಇಲ್ಲಿ ನನ್ನ ಹತ್ರ ಕುಂಡ್ರಿ, ಆ ನೀರು ಹಾಕಬ್ಯಾಡ್ರಿ, ಅದರಾಗ ತಾಮ್ರ...