ನಾನೂರ ಹದಿನೆಂಟನೇ ಬಿಲ್

ಅಣ್ಣನಿಗೆ,

ನೀನು ಹೇಳಿದ ಕೆಲಸ ಮುಗಿಸಿ, ಅಂಗಡಿಯ ಬೀಗದಕೈಯನ್ನು ಅತ್ತಿಗೆಗೆ ಕೊಟ್ಟಿದ್ದೇನೆ.

ಲೋಡು ತಡವಾಯಿತೆಂದು ನೀನು ಡ್ರೈವರನ ತಲೆಗೆ ಕಬ್ಬಿಣದ ರಾಡಿನಿಂದ ಬಾರಿಸಿದಾಗ ಅವನ ಕೈಯಲ್ಲಿದ್ದದ್ದು ನಾನೂರ ಹದಿನೆಂಟನೇ ಬಿಲ್. ಮೂರನೇ ಏಟಿಗೆ ಅವನ ಉಸಿರು ನಿಂತಿತು. ರಕ್ತ ಮೆತ್ತಿದ ಆ ಬಿಲ್ಲನ್ನು ನೀನು ಸುಟ್ಟು ಹಾಕಿದೆ, ಕಂಪ್ಯೂಟರಿನಿಂದಲೂ ಅಳಿಸಿದೆ. ಅವನು ಅವತ್ತು ಬರಲೇ ಇಲ್ಲ ಎಂದು ಪೊಲೀಸರಿಗೆ ಹೇಳಿದೆ. ನಾನೂ ಹೂಂ ಅಂದೆ.

ಆದರೆ ನಂಬರಿನ ಸಾಲಿನಲ್ಲಿ ಹಲ್ಲು ಉದುರಿದ ಹಾಗೆ ಒಂದು ಜಾಗ ಖಾಲಿ ಉಳಿಯಿತು.

"ನಾಳೆ ಆಡಿಟರ್ ಬರ್ತಾನೆ. ಮುಂದಿನ ನಂಬರೆಲ್ಲ ಒಂದೊಂದು ಹಿಂದಕ್ಕೆ ಸರಿಸು" ಅಂದೆ ನೀನು. ನಾನು ಆಗಲ್ಲ ಅಂದದ್ದಕ್ಕೆ ನನ್ನ ಬಲಗೈಯನ್ನು ಡ್ರಾಯರಿನೊಳಗೆ ಹಿಡಿದು ಅದನ್ನು ಒದ್ದು ಮುಚ್ಚಿದೆ. ಮೂರು ಬೆರಳು ಮುರಿದವು. "ಎಡಗೈ ಇದ್ಯಲ್ಲ, ಟೈಪ್ ಮಾಡು" ಅಂದೆ.

ನಾನು ಮಾಡಿದೆ. ಮೊದಲು ನಾನೂರ ಹತ್ತೊಂಬತ್ತನೇ ಬಿಲ್ಲಿಗೆ ನಾನೂರ ಹದಿನೆಂಟು ಎಂದು ಕೊಡಬೇಕಿತ್ತು. ಕಂಪ್ಯೂಟರಿಗೆ ನಂಬರು ಬದಲಿಸುವ ಅಪ್‌ಡೇಟ್ ಆದೇಶ ಕೊಡುವಾಗ ಇಂಥ ಬಿಲ್ಲುಗಳಿಗೆ ಮಾತ್ರ ಎಂದು ಬರೆಯದಿದ್ದರೆ ಅದು ಇದ್ದಬದ್ದ ಬಿಲ್ಲಿಗೆಲ್ಲ ತಗಲುತ್ತದೆ. ನಾನು ಬೇಕೆಂದೇ ಬರೆಯಲಿಲ್ಲ. ಈಗ ನಮ್ಮ ಅಂಗಡಿಯ ಪ್ರತಿ ಬಿಲ್ಲಿನ ನಂಬರೂ ನಾನೂರ ಹದಿನೆಂಟೇ. ಆಡಿಟರ್ ಯಾವುದನ್ನು ತೆಗೆದರೂ ಅದನ್ನೇ ಕೇಳುತ್ತಾನೆ.

ನಾನು ಠಾಣೆಯಲ್ಲಿದ್ದೇನೆ. ಎಡಗೈ ಅಕ್ಷರ, ನಿಧಾನವಾಗಿ ಓದಿಕೋ. ನನ್ನ ಕನ್ನಡಕ ಆ ಡ್ರಾಯರಿನಲ್ಲೇ ಉಳಿದಿದೆ. ನಿನ್ನನ್ನು ಕರೆತರಲು ಬಂದವರ ಕೈಲಿ ಕೊಟ್ಟುಬಿಡು.

ನಿನ್ನ ತಂಗಿ