ಸೀಟಿಗೆ ಹಾಕಿದ ಟವೆಲ್

ಮಾಯಾ,

ಹೇಳದ ಕೇಳದ ಹುಕ್ಕೇರಿ ಸಂತಿಗೆ ಹೋದೆ ಅಂತ ನಿನ್ನೆಯಿಂದ ಮಾತಾಡವಲ್ಲಿ. ಅದಕ್ಕ ಚೀಟಿ ಬರದಿಟ್ಟು ಹೊಲಕ್ಕ ಹೊಂಟೀನಿ.

ಸಂತ್ಯಾಗ ನಿಮ್ಮ ಕಾಕಾ ಸಿಕ್ಕು ಚಹಾ ಕುಡಿಸಿದ್ರು. ನಮ್ಮ ಸಾಲಿ ಮಾಸ್ತರ ಸಿಕ್ಕು ಇನ್ನೊಂದು ಕುಡಿಸಿದ್ರು. ತಿರುಗಿ ಬರಾಕ ಗೋಕಾಕ ಬಸ್ಸಿನ ಕಿಡಕ್ಯಾಗಿಂದ ಸೀಟಿಗೆ ಟವೆಲ್ ಒಗದೆ. ಹತ್ತಿ ನೋಡಿದ್ರ ಬಾಜೂ ಸೀಟಿನ್ಯಾಗ ನಮ್ಮಣ್ಣ ಲಗಮಪ್ಪ! ಮೂರು ವರ್ಷದಿಂದ ಮಾತಿಲ್ಲದಾಂವ, ನನ್ನ ಟವೆಲ್ ಮಡಚಿ ತೊಡಿ ಮ್ಯಾಲ ಇಟ್ಕೊಂಡು, ‘ಜಗಳಾ ಮಾಡಾಕರ ಬಾಜೂ ಕುಂದ್ರಬೇಕಲ್ಲೋ, ಕುಂದ್ರು’ ಅಂದ. ಗೋಕಾಕ ಬರೂತನಾ ಮಾತಾಡಿದ್ವಿ. ಎದಿ ಹಗುರಾತು.

ಟವೆಲ್ ಅವನ ಕಡೆನ ಉಳೀತು. ಸಂಜಿಗೆ ಕೊಡಾಕ ಬರ್ತಾನ. ನಾಕು ರೊಟ್ಟಿ ಹೆಚ್ಚಿಗಿ ಬಡಿ. ‘ಒಂದು ಟವೆಲ್ ಸಲುವಾಗಿ ಇಷ್ಟು ದೂರ ಬಂದ್ರ್ಯಾ?’ ಅಂತ ಮಾತ್ರ ಕೇಳಬ್ಯಾಡ.

ನಾ ಮರತಿಲ್ಲ, ಬೇಕಂತನ ಬಿಟ್ಟು ಬಂದೀನಿ.

ಸಿದ್ರಾಯ