ಬೆಂಕಿಗೆ ಹಿಡಿದ ತಮಟೆ

ಹಳೇಬೀಡು, ನಮ್ಮ ಕೇರಿ
೧೦-೩-೧೯೫೮, ಸೋಮವಾರ

ಪ್ರೀತಿಯ ಅಣ್ಣಾ,

ರೈಲು ಕಂಬಿಯ ಸ್ಲೀಪರ್ ದಿಮ್ಮಿ ಹೊತ್ತು ಊದಿದ್ದ ನಿನ್ನ ಭುಜ ಇಳಿಯಿತೇ? ಅರಸೀಕೆರೆಯಲ್ಲಿ ನಿನಗೆ ಬಿಸಿನೀರಿನ ಶಾಖ ಕೊಡುವವರು ಯಾರೂ ಇಲ್ಲವೆಂದು ಅವ್ವ ದಿನಾ ಗೊಣಗುತ್ತಾಳೆ. ನಮ್ಮೆಲ್ಲರ ಮೈ ಗಟ್ಟಿಯಾಗಿದೆ. ಆದರೆ ನಿನ್ನೆ ಅಪ್ಪನಿಗೆ ದೀಕ್ಷಾಸ್ನಾನ ಆಗಲಿಲ್ಲ.

ನೀನು ಅಲ್ಲಿ ರಾಮಣ್ಣ ಹೋಗಿ ಅಬ್ರಹಾಮನಾದ ಮೇಲೆ ಅಪ್ಪನೂ ಯೇಸುವನ್ನು ನಂಬಿದ. ಅದು ಸುಳ್ಳು ನಂಬಿಕೆಯಲ್ಲ. ಊರೆಲ್ಲ ಕಲ್ಲ ಎಂದು ಕೂಗುವ ಅವನನ್ನು ಉಪದೇಶಿ ಸಾಮುವೇಲಪ್ಪನವರು ಕಲ್ಲೇಶಪ್ಪ ಎಂದು ಕರೆದು, ನಮ್ಮ ಚಾಪೆಯ ಮೇಲೆ ಕೂತು, ನಮ್ಮ ಲೋಟದಲ್ಲೇ ನೀರು ಕುಡಿದ ದಿನ ಅವನು ಗೋಡೆಗೆ ತಿರುಗಿಕೊಂಡು ಅತ್ತಿದ್ದ. ಆದರೆ ಲೋಕದ ಸುಖ ಬಿಡದವನ ತಲೆಗೆ ನೀರು ಹಾಕುವುದಿಲ್ಲ ಎಂದರು. ಯಾವ ಸುಖ ಅಣ್ಣಾ? ಊರ ಬಾವಿ ಮುಟ್ಟಗೊಡದ ಊರಿನಲ್ಲಿ ನಮ್ಮ ಪಾಲಿಗೆ ಬಂದ ಸುಖವಾದರೂ ಎಷ್ಟು? ಅಷ್ಟನ್ನೂ ಎಣಿಸಿ ಕೇಳಿದರು. ಅಪ್ಪ ಹೆಂಡ ಬಿಟ್ಟ. ಹೊಗೆಸೊಪ್ಪು ಬಿಟ್ಟ. ಅವ್ವ ಬಿಡುತ್ತಾಳೆಯೇ, "ಮುಂದಕ್ಕೆ ನನ್ನೂ ಬುಡು ಅಂತೀರೇನೋ, ಬೇಗ ಹೇಳ್ಬುಡಿ ಸ್ವಾಮಿ, ತವರಿಗೆ ಹೋಗ್ತೀನಿ" ಎಂದಳು. ಉಪದೇಶಿಗಳೂ ನಕ್ಕರು.

ಕೊನೆಗೆ ತಮಟೆಗೆ ಬಂದರು. ಊರವರ ಹೆಣದ ಮುಂದೆ ಬಡಿಸಿ ನಮ್ಮ ಅಜ್ಜಂದಿರ ಬೆನ್ನು ಬಗ್ಗಿಸಿದ ತಮಟೆ. ಸುಡಿ ಎಂದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ನಿನ್ನೆ ಪ್ರಾರ್ಥನೆ ಮುಗಿಸಿ ಗುಡಿಸಲ ಹಿಂದೆ ಹುಲ್ಲು ರಾಶಿ ಹಾಕಿ ಬೆಂಕಿ ಹಚ್ಚಿದರು. ಮರುಳಪ್ಪ ಮಾವ ತನ್ನದನ್ನು ಕಣ್ಣು ಮುಚ್ಚಿ ಎಸೆದ. ಅಪ್ಪನ ಸರದಿ ಬಂತು. ತಮಟೆಯವನಿಗೆ ಹುಲ್ಲಿನ ಬೆಂಕಿ ತೋರಿಸಬಾರದೆಂದು ಉಪದೇಶಿಗಳಿಗೆ ಯಾರೂ ಹೇಳಿರಲಿಲ್ಲ. ಸಡಿಲಾದ ಚರ್ಮವನ್ನು ಬಡಿಯುವ ಮೊದಲು ಆ ಬೆಂಕಿಗೇ ಹಿಡಿದು ಬಿಗಿ ಮಾಡುವುದಲ್ಲವೇ? ಅಪ್ಪನ ಕೈ ಎಸೆಯುವುದನ್ನು ಮರೆಯಿತು. ಆ ಕಡೆ ತಿರುಗಿಸಿ ಕಾಯಿಸಿದ, ಈ ಕಡೆ ತಿರುಗಿಸಿ ಕಾಯಿಸಿದ, ಹೆಬ್ಬೆರಳಲ್ಲಿ ಸವರಿದ, ಒಂದೇ ಒಂದು ಏಟು ಕೊಟ್ಟು ನೋಡಿದ. ಖಣ್ ಎಂದಿತು!

ಆಮೇಲೆ ಬಡಿದ ನೋಡು. ಅದು ಹೆಣದ ಬಡಿತವಲ್ಲ, ಯಾವ ದಣಿಯೂ ಹೇಳಿ ಬಡಿಸಿದ ಬಡಿತವಲ್ಲ. ಅವ್ವ ಸೆರಗು ಬಿಗಿದು ಕುಣಿದಳು. ಮರುಳಪ್ಪ ಮಾವ ಸುಟ್ಟ ತನ್ನ ತಮಟೆ ನೋಡುತ್ತ ಅಳುತ್ತಲೇ ಕುಣಿದ. ಚಪ್ಪಾಳೆ ತಟ್ಟಿದ್ದ ನಾನೂ ಕುಣಿದೆ. ಉಪದೇಶಿಗಳು ಓಡಿ ಬಂದು ಅಪ್ಪನ ರಟ್ಟೆ ಹಿಡಿದರು. ಅಪ್ಪ ಕೊಡವಿಕೊಂಡ! ಚಪ್ಪಲಿ ಮೆಟ್ಟಿದವರ ಎದುರು ಅವನು ಕೈ ಎತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ತಮಟೆ ಬೇಕೋ ಕ್ರಿಸ್ತ ಬೇಕೋ ಕಲ್ಲೇಶಪ್ಪ?"

"ಎರಡೂ ಬೇಕು ಸ್ವಾಮಿ. ಹೆಣದ ಮುಂದೆ ಬಡಿಯಾದು ಬುಟ್ಟೆ. ನಂಗೋಸ್ಕರ ನಾನು ಇವತ್ತೇ ಬಡ್ದಿದ್ದು. ಅದ್ನ ಹೆಂಗ್ ಬುಡ್ಲಿ?"

ನೀರಿನ ಬಟ್ಟಲು ಹಾಗೇ ಮುಚ್ಚಿಟ್ಟರು. ಕುಣಿದವರೆಂದು ನನಗೂ ಅವ್ವನಿಗೂ ಮಾವನಿಗೂ ನೀರಿಲ್ಲ. ಅಪ್ಪ ಇವತ್ತೂ ಬೆಳಿಗ್ಗೆ ಮೊಣಕಾಲೂರಿ ಪ್ರಾರ್ಥನೆ ಮಾಡಿದ. ತಮಟೆ ಪಕ್ಕದಲ್ಲೇ ಇತ್ತು.

ಅವ್ವ ನಿನ್ನ ತಲೆ ಸವರಿದಳೆಂದು ತಿಳಿ. ಹೊತ್ತಿಗೆ ಉಣ್ಣು.

ನಿನ್ನ ತಂಗಿ,
ಮಹದೇವಿ

ಮರೆತಿದ್ದೆ: ಅಪ್ಪನಿಗೆ ಬುದ್ಧಿ ಹೇಳೆಂದು ಉಪದೇಶಿಗಳು ನಿನಗೆ ಬರೆಯುತ್ತಾರಂತೆ. "ರಾಮಣ್ಣ ಸುಡು ಅಂದ್ರೆ ಸುಟ್ಬುಡ್ತೀನಿ" ಎಂದು ಅಪ್ಪನೂ ಸೋತು ಹೇಳಿದ್ದಾನೆ. ಸುಡು ಎಂದು ಬರೆಯುವುದಾದರೆ ಬರೆ. ಆದರೆ ಅಪ್ಪನಿಗೆ ಅಕ್ಷರ ಬರದು, ನಿನ್ನ ಕಾಗದ ಓದುವವಳು ನಾನು. ಆ ಒಂದು ಸಾಲನ್ನು ನಾನು ಓದುವುದಿಲ್ಲ.